ಪಂದ್ಯ ನಡೆಸಿದರೆ ಊರಿಗೆ ಏನು ಸಿಗುತ್ತದೆ? ಹುಬ್ಬಳ್ಳಿ-ಧಾರವಾಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಯಾವುದಾದರೂ ದೊಡ್ಡ ಪಂದ್ಯ ಬರುತ್ತದೆ ಅಂತ ಸುದ್ದಿ ಬಂದರೆ ಸಾಕು, ಚಹಾದಂಗಡಿಯಲ್ಲಿ ಒಬ್ಬರು "ಇನ್ನ ಊರ ಚಿತ್ರಾನೇ ಬದಲಾಗ್ತೈತಿ ನೋಡ್ರಿ" ಅನ್ನುತ್ತಾರೆ, ಪಕ್ಕದವರು "ಸುಮ್ನ ರೊಕ್ಕ ಹಾಳು" ಅನ್ನುತ್ತಾರೆ. ಈ ವಾದ ಕೇಳಿ ಕೇಳಿ, ಬೇರೆ ಊರುಗಳಲ್ಲಿ ನಿಜವಾಗಿ ಏನಾಯಿತು ಅಂತ ಓದಲು ಶುರು ಮಾಡಿದೆ. ಗೆಳೆಯರು, ಸಂಬಂಧಿಕರು, ಮೈದಾನದ ಕಟ್ಟೆಯ ಮೇಲೆ ಸಿಕ್ಕವರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಒಂದು ದೊಡ್ಡ ಪಂದ್ಯ ನಡೆದರೆ ಊರಿಗೆ ಕೋಟಿಗಟ್ಟಲೆ ಆದಾಯ ಅಂತಾರಲ್ಲ, ನಿಜಾನಾ?

ಬಹಳ ಸಲ ಆ ಲೆಕ್ಕ ಊದಿಸಿದ್ದು. ಯಾಕೆ ಅಂತ ಹೇಳುತ್ತೇನೆ. ವಿದ್ಯಾನಗರದಲ್ಲಿರುವ ಒಂದು ಕುಟುಂಬ ರಾಜನಗರದ ಕ್ರೀಡಾಂಗಣಕ್ಕೆ ಬಂದು ಪಂದ್ಯ ನೋಡಿ ಎರಡು ಸಾವಿರ ಖರ್ಚು ಮಾಡಿತು ಅಂತ ಇಟ್ಟುಕೊಳ್ಳಿ. ಆ ಭಾನುವಾರ ಪಂದ್ಯ ಇಲ್ಲದಿದ್ದರೆ ಅವರು ಸಿನಿಮಾಕ್ಕೆ ಹೋಗುತ್ತಿದ್ದರು, ಇಲ್ಲವೇ ದುರ್ಗದಬೈಲಿಗೆ ಹೋಗಿ ತಿಂದು ಬರುತ್ತಿದ್ದರು. ಅಂದರೆ ಆ ಎರಡು ಸಾವಿರ ಊರಿಗೆ ಹೊಸದಾಗಿ ಬಂದದ್ದಲ್ಲ, ಈ ಜೇಬಿನಿಂದ ಆ ಜೇಬಿಗೆ ಹೋಯಿತು ಅಷ್ಟೇ. ಹೊರಗಿನಿಂದ ಬಂದವರು ಇಲ್ಲಿ ಉಳಿದು, ಉಂಡು, ಓಡಾಡಿ ಖರ್ಚು ಮಾಡಿದ್ದು ಮಾತ್ರ ಹೊಸ ಹಣ.

ಆ ಹೊಸ ಹಣವೂ ಪೂರ್ತಿ ಇಲ್ಲೇ ಉಳಿಯುವುದಿಲ್ಲ. ಪ್ರಸಾರದ ಹಕ್ಕು ಯಾರದು, ಟಿಕೆಟ್ ಮಾರುವ ಕಂಪನಿ ಯಾವ ಊರಿನದು, ಬೇಲಿ, ದೀಪ, ವೇದಿಕೆ ಎಲ್ಲಿಂದ ಬಂತು ಅಂತ ನೋಡಿ. ಅವರೆಲ್ಲ ಮುಂಬೈ, ಬೆಂಗಳೂರಿನವರಾದರೆ ಹಣ ಸಂಜೆ ಬಂದು ಮಾರನೇ ದಿನ ಬೆಳಿಗ್ಗೆ ಹೋಗಿಬಿಡುತ್ತದೆ. ನಮ್ಮೂರಿನ ಶಾಮಿಯಾನದವರು, ಸೌಂಡ್ ಸಿಸ್ಟಂನವರು, ಅಡುಗೆ ಕಾಂಟ್ರಾಕ್ಟರುಗಳು, ಟಂಟಂ ಓಡಿಸುವವರಿಗೆ ಎಷ್ಟು ಕೆಲಸ ಸಿಕ್ಕಿತು ಅನ್ನುವುದರ ಮೇಲೆಯೇ ಊರಿನ ಪಾಲು ಗೊತ್ತಾಗುವುದು.

ಹಾಗಾದರೆ ಹೋಟೆಲ್, ಲಾಡ್ಜ್ ತುಂಬುವುದು ಲಾಭ ಅಲ್ವಾ?

ಖಾಲಿ ಇದ್ದ ಕೋಣೆ ತುಂಬಿದರೆ ಲಾಭ. ಮೊದಲೇ ತುಂಬುವಂಥ ಕೋಣೆಗೆ ಬೇರೆ ಗಿರಾಕಿ ಬಂದರೆ ಲಾಭ ಕಡಿಮೆ. ಏಪ್ರಿಲ್-ಮೇ ಮದುವೆ ಸೀಸನ್ನಿನಲ್ಲಿ ಹುಬ್ಬಳ್ಳಿಯಲ್ಲಿ ಒಳ್ಳೆಯ ಲಾಡ್ಜ್ ಸಿಗುವುದೇ ಕಷ್ಟ. ಆಗ ಟೂರ್ನಿ ಇಟ್ಟರೆ ಮದುವೆಯವರು ಬೇರೆ ಊರು ನೋಡಿಕೊಳ್ಳುತ್ತಾರೆ, ಇಲ್ಲಾ ಎರಡು ಪಟ್ಟು ಬಾಡಿಗೆ ಕೊಡುತ್ತಾರೆ.

ಲಂಡನ್ ಅಂಥ ಊರಿಗೇ ಇದು ತಟ್ಟಿತು. 2012ರ ಒಲಿಂಪಿಕ್ಸ್ ನಡೆದ ಆಗಸ್ಟ್‌ನಲ್ಲಿ ಬ್ರಿಟನ್‌ಗೆ ಬಂದ ವಿದೇಶಿಯರ ಸಂಖ್ಯೆ ಹಿಂದಿನ ವರ್ಷದ ಆಗಸ್ಟ್‌ಗಿಂತ ಕಡಿಮೆಯಾಯಿತು. ಗದ್ದಲ, ದುಬಾರಿ ಕೋಣೆ ಅಂತ ಎಷ್ಟೋ ಮಾಮೂಲಿ ಪ್ರವಾಸಿಗರು ಆ ಕಡೆ ಸುಳಿಯಲೇ ಇಲ್ಲ. ಆಟ ನೋಡಲು ಬಂದವರು ಮ್ಯೂಸಿಯಂಗೂ ಅಷ್ಟಾಗಿ ಹೋಗಲಿಲ್ಲ, ಅಂಗಡಿ ಬೀದಿಗೂ ಹೋಗಲಿಲ್ಲ.

"ಊರಿನ ಸ್ಪರ್ಧಾಶಕ್ತಿ" ಅಂತ ಭಾಷಣದಲ್ಲಿ ಹೇಳುತ್ತಾರೆ. ಸರಳವಾಗಿ ಹೇಳಿದರೆ ಏನದು?

ಒಂದು ಕಂಪನಿ, ಒಬ್ಬ ವೈದ್ಯೆ, ಐಐಟಿಯಿಂದ ಹೊರಬಂದ ಒಬ್ಬ ಹುಡುಗ, ಇವರ ಮುಂದೆ ಬೆಳಗಾವಿ, ಪುಣೆ, ಬೆಂಗಳೂರು, ಹುಬ್ಬಳ್ಳಿ ಎಲ್ಲವೂ ಇವೆ. ಅವರು ನಮ್ಮನ್ನು ಆರಿಸಿಕೊಳ್ಳುತ್ತಾರಾ, ಬಂದವರು ಹತ್ತು ವರ್ಷ ಉಳಿಯುತ್ತಾರಾ? ಅಷ್ಟೇ ಪ್ರಶ್ನೆ.

ಧಾರವಾಡಕ್ಕೆ ಐಐಟಿ 2016ರಲ್ಲಿ ಬಂತು. ಟಾಟಾದ ಕಾರ್ಖಾನೆ ಇದೆ. ವಿಮಾನ ನಿಲ್ದಾಣಕ್ಕೆ 2017ರಲ್ಲಿ ಹೊಸ ಟರ್ಮಿನಲ್ ಆಯಿತು. 2018ರಿಂದ ಎರಡೂ ಊರುಗಳ ನಡುವೆ ಚಿಗರಿ ಬಸ್ಸು ಓಡುತ್ತಿದೆ. ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು ಅಂತ ದಾಖಲೆ ಮಾಡಿದೆ. ಇದೆಲ್ಲ ಇದ್ದೂ ನಮ್ಮ ಮಕ್ಕಳು ಓದು ಮುಗಿಸಿ ಬೆಂಗಳೂರು ಬಸ್ಸು ಹತ್ತುತ್ತಾರೆ. ಒಂದು ಪಂದ್ಯದಿಂದ ಅದು ನಿಲ್ಲುವುದಿಲ್ಲ. ಆದರೆ ಸಂಜೆ ಆರಕ್ಕೆ ಕೆಲಸ ಮುಗಿಸಿದವರಿಗೆ ಆಡಲು ಒಂದು ಒಳ್ಳೆಯ ಜಾಗ, ಶನಿವಾರ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಲು ಒಂದು ಒಳ್ಳೆಯ ಆಟ ಇದ್ದರೆ ಊರಲ್ಲಿ ಉಳಿಯುವ ಮನಸ್ಸು ಬರುತ್ತದೆ. ನಾನು ಆಟದ ಪರವಾಗಿ ಇಷ್ಟು ಮಾತಾಡುವುದು ಅದಕ್ಕೇ.

ದೊಡ್ಡ ಕ್ರೀಡಾಕೂಟ ಮಾಡಿ ಕೈಸುಟ್ಟುಕೊಂಡ ಊರು ಯಾವುದು?

ಬಹಳ ಇವೆ. ಕೆನಡಾದ ಮಾಂಟ್ರಿಯಲ್ 1976ರಲ್ಲಿ ಒಲಿಂಪಿಕ್ಸ್ ಮಾಡಿತು, ಸಾಲ ತೀರಿದ್ದು 2006ರಲ್ಲಿ. ಮೂವತ್ತು ವರ್ಷ! ಸಾಲ ತೀರಿಸಲು ತಂಬಾಕಿನ ಮೇಲೆ ವಿಶೇಷ ತೆರಿಗೆ ಹಾಕಬೇಕಾಯಿತು. ಕೂಟ ನಡೆದಾಗ ತೊಟ್ಟಿಲಲ್ಲಿದ್ದ ಮಗು ಮೂವತ್ತು ದಾಟಿದರೂ ಅದರ ಸಾಲ ಕಟ್ಟುತ್ತಿತ್ತು. ಬ್ರೆಜಿಲ್ 2014ರ ಫುಟ್‌ಬಾಲ್ ವಿಶ್ವಕಪ್‌ಗಾಗಿ ಅಮೆಜಾನ್ ಕಾಡಿನ ನಡುವಿನ ಮನಾಸ್ ನಗರದಲ್ಲಿ ದೊಡ್ಡ ಕ್ರೀಡಾಂಗಣ ಕಟ್ಟಿತು. ವಿಶ್ವಕಪ್‌ನ ನಾಲ್ಕು ಪಂದ್ಯ ಮುಗಿದ ಮೇಲೆ ಅದನ್ನು ತುಂಬಿಸುವಷ್ಟು ದೊಡ್ಡ ಕ್ಲಬ್ ಆ ಊರಿನಲ್ಲಿ ಇರಲಿಲ್ಲ.

ಇತ್ತೀಚಿನದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ್ದು. 2026ರ ಕಾಮನ್‌ವೆಲ್ತ್ ಕೂಟ ನಡೆಸಲು ಒಪ್ಪಿಕೊಂಡಿದ್ದರು. ಒಂದೇ ನಗರದಲ್ಲಿ ಮಾಡದೆ ಹಲವು ಸಣ್ಣ ಊರುಗಳಿಗೆ ಹಂಚುವ ಯೋಜನೆ, ಕೇಳಲು ಚೆನ್ನಾಗಿಯೇ ಇತ್ತು. 260 ಕೋಟಿ ಆಸ್ಟ್ರೇಲಿಯನ್ ಡಾಲರ್ ಅಂದುಕೊಂಡಿದ್ದು 600 ಕೋಟಿ ದಾಟುತ್ತದೆ ಅಂತ ಗೊತ್ತಾದಾಗ 2023ರ ಜುಲೈನಲ್ಲಿ ಕೈಬಿಟ್ಟರು. ಬಿಟ್ಟಿದ್ದಕ್ಕೂ 38 ಕೋಟಿ ಡಾಲರ್ ಪರಿಹಾರ ಕೊಡಬೇಕಾಯಿತು. ಆ ಕೂಟವನ್ನು ಗ್ಲಾಸ್ಗೋ ವಹಿಸಿಕೊಂಡಿತು. ಅವರು ಆಟಗಳನ್ನು ಹತ್ತಕ್ಕೆ ಇಳಿಸಿದರು, 2014ರಲ್ಲಿ ಅದೇ ಕೂಟ ನಡೆಸಿದ್ದ ಊರಾದ್ದರಿಂದ ಇರುವ ಮೈದಾನಗಳಲ್ಲೇ ಮಾಡುತ್ತೇವೆ ಅಂದರು. ಗ್ಲಾಸ್ಗೋದವರ ಈ ಧೈರ್ಯ ನನಗೆ ಬಹಳ ಇಷ್ಟವಾಯಿತು.

ಗೆದ್ದ ಊರು ಒಂದೂ ಇಲ್ವಾ?

ಇವೆ. ಗೆದ್ದವರು ಹೆಚ್ಚಿನ ಕಡೆ ಒಂದೇ ಥರ ಗೆದ್ದಿದ್ದಾರೆ: ಇದ್ದದ್ದನ್ನು ಬಳಸಿದರು, ಇಲ್ಲವೇ ಹೇಗೂ ಬೇಕಾಗಿದ್ದನ್ನು ಮಾತ್ರ ಕಟ್ಟಿದರು.

ಲಾಸ್ ಏಂಜಲಿಸ್ 1984ರಲ್ಲಿ ಒಲಿಂಪಿಕ್ಸ್ ಮಾಡಿದಾಗ 1932ರ ಒಲಿಂಪಿಕ್ಸ್ ನಡೆದಿದ್ದ ಹಳೆಯ ಕ್ರೀಡಾಂಗಣವನ್ನೇ ಮತ್ತೆ ಬಳಸಿತು. ಆಟಗಾರರನ್ನು ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳಲ್ಲಿ ಇಳಿಸಿತು. ಕೊನೆಗೆ 20 ಕೋಟಿ ಡಾಲರ್‌ಗೂ ಜಾಸ್ತಿ ಉಳಿಯಿತು, ಅದರಲ್ಲಿ ಒಂದು ಪಾಲು ಆ ಭಾಗದ ಮಕ್ಕಳ ಕ್ರೀಡೆಗೆ ಇಂದಿಗೂ ಹೋಗುತ್ತಿದೆ. ಹಾಸ್ಟೆಲ್ ವಿಚಾರ ಬಂದಾಗಲೆಲ್ಲ ನನಗೆ ಧಾರವಾಡ ನೆನಪಾಗುತ್ತದೆ. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಕರ್ನಾಟಕ ಕಾಲೇಜು (ಕೆಸಿಡಿ), ಇಷ್ಟೊಂದು ಹಾಸ್ಟೆಲ್ ಇರುವ ಊರು ಈ ಭಾಗದಲ್ಲಿ ಅಪರೂಪ. ಬೇಸಿಗೆ ರಜೆಯಲ್ಲಿ ಅವುಗಳಲ್ಲಿ ಎಷ್ಟೋ ಕೋಣೆ ಖಾಲಿ ಬಿದ್ದಿರುತ್ತವೆ.

ಬಾರ್ಸಿಲೋನಾ 1992ರಲ್ಲಿ ಬಹುಪಾಲು ಹಣವನ್ನು ರಿಂಗ್ ರೋಡು, ಚರಂಡಿ, ಸಮುದ್ರ ತೀರಕ್ಕೆ ಹಾಕಿತು. ಕಾರ್ಖಾನೆ, ರೈಲು ಹಳಿಗಳ ಹಿಂದೆ ಮುಚ್ಚಿಹೋಗಿದ್ದ ತೀರ ಊರಿನವರಿಗೆ ಸಿಕ್ಕಿತು. ಮ್ಯಾಂಚೆಸ್ಟರ್ 2002ರ ಕಾಮನ್‌ವೆಲ್ತ್ ಕ್ರೀಡಾಂಗಣ ಕಟ್ಟುವಾಗಲೇ ಮುಂದೆ ಅದನ್ನು ಬಳಸುವವರು ಯಾರು ಅಂತ ತೀರ್ಮಾನಿಸಿತ್ತು. ಕೂಟ ಮುಗಿದ ಮೇಲೆ ಓಟದ ಟ್ರ್ಯಾಕ್ ತೆಗೆದು ಫುಟ್‌ಬಾಲ್ ಕ್ಲಬ್‌ಗೆ ಬಾಡಿಗೆಗೆ ಕೊಟ್ಟರು. ಕ್ರೀಡಾಂಗಣ ಇವತ್ತಿಗೂ ನಗರಸಭೆಯದ್ದೇ.

ಅದೆಲ್ಲ ಪರದೇಶದ ಮಾತು. ನಮ್ಮ ದೇಶದಲ್ಲಿ?

ಭುವನೇಶ್ವರ ನೋಡಿ. ಹುಬ್ಬಳ್ಳಿ-ಧಾರವಾಡದಷ್ಟೇ ಅನ್ನಲಾಗದಿದ್ದರೂ ದೆಹಲಿ, ಮುಂಬೈಯಂಥ ಮಹಾನಗರವಂತೂ ಅಲ್ಲ. 2017ರ ಏಷ್ಯನ್ ಅಥ್ಲೆಟಿಕ್ಸ್ ರಾಂಚಿಯಲ್ಲಿ ಆಗಬೇಕಿತ್ತು, ಅವರು ಕೈಬಿಟ್ಟಾಗ ಭುವನೇಶ್ವರ ಸುಮಾರು ಮೂರು ತಿಂಗಳಲ್ಲಿ ಸಿದ್ಧವಾಗಿ ನಡೆಸಿಕೊಟ್ಟಿತು. 2018ರಲ್ಲಿ ಹಾಕಿ ವಿಶ್ವಕಪ್, 2023ರಲ್ಲಿ ಮತ್ತೊಮ್ಮೆ, ಈ ಸಲ ರೂರ್ಕೆಲಾ ಜತೆಗೂಡಿ. ಭುವನೇಶ್ವರದಲ್ಲಿ ನಡೆದದ್ದೆಲ್ಲ ಒಂದೇ ಕಳಿಂಗ ಕ್ರೀಡಾಂಗಣದ ಸುತ್ತ. ಜತೆಗೆ ಒಡಿಶಾ ಸರ್ಕಾರ ರಾಷ್ಟ್ರೀಯ ಹಾಕಿ ತಂಡಗಳಿಗೆ ಪ್ರಾಯೋಜಕತ್ವ ಕೊಟ್ಟಿತು. ಹಾಕಿ ಅಂದರೆ ಒಡಿಶಾ ಅನ್ನುವಂತಾಯಿತು. ಅವರು ಎಲ್ಲಾ ಆಟದ ಹಿಂದೆ ಬೀಳಲಿಲ್ಲ, ತಮ್ಮ ಹಳ್ಳಿಗಳಲ್ಲಿ ಮೊದಲೇ ಬೇರೂರಿದ್ದ ಆಟವನ್ನು ಎತ್ತಿಕೊಂಡರು.

ಇನ್ನೊಂದು ಕಡೆ 2010ರ ದೆಹಲಿ ಕಾಮನ್‌ವೆಲ್ತ್ ಇದೆ. ಖರ್ಚು ಮೊದಲಿನ ಅಂದಾಜಿನ ಎಷ್ಟೋ ಪಟ್ಟು ಏರಿತು, ಅವ್ಯವಹಾರದ ಪ್ರಕರಣಗಳು ನಡೆದವು. 2030ರ ಕಾಮನ್‌ವೆಲ್ತ್ ಈಗ ಅಹಮದಾಬಾದ್‌ಗೆ ಸಿಕ್ಕಿದೆ. ಅವರು ದೆಹಲಿಯಿಂದ ಕಲಿಯಲಿ ಅಂತ ಮನಸಾರೆ ಬಯಸುತ್ತೇನೆ.

ನಮಗೆ ಐಪಿಎಲ್ ಬಂದರೆ ಒಳ್ಳೆಯದಲ್ವಾ?

ಬರಲಿ, ನೋಡಲು ನಾನೂ ಬರುತ್ತೇನೆ. ಆದರೆ ಐಪಿಎಲ್ ಬೇಕು ಅಂತ ಇನ್ನೂರು-ಮುನ್ನೂರು ಕೋಟಿ ಸಾರ್ವಜನಿಕ ಹಣ ಹಾಕಿ ಹೊಸ ಕ್ರೀಡಾಂಗಣ ಕಟ್ಟೋಣ ಅಂದರೆ ಬೇಡ ಅನ್ನುತ್ತೇನೆ. ಒಂದು ತಂಡ ತನ್ನ ತವರಿನಲ್ಲಿ ಲೀಗ್ ಹಂತದಲ್ಲಿ ಆಡುವುದೇ ಸುಮಾರು ಏಳು ಪಂದ್ಯ. ಅದರಲ್ಲಿ ಎರಡು ನಮಗೆ ಕೊಟ್ಟರೂ ವರ್ಷದ ಉಳಿದ 363 ದಿನ ಆ ಕುರ್ಚಿಗಳ ಮೇಲೆ ಯಾರು ಕೂರುತ್ತಾರೆ?

ತೆರಿಗೆಯ ಮಾತೂ ಇದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಐಪಿಎಲ್ ಟಿಕೆಟ್ ಮೇಲೆ 2025ರ ಸೆಪ್ಟೆಂಬರ್‌ನಿಂದ ಜಿಎಸ್‌ಟಿ 40%. ಅದು ಕೇಂದ್ರ ಮತ್ತು ರಾಜ್ಯ ಹಂಚಿಕೊಳ್ಳುವ ಹಣ, ಪಾಲಿಕೆಗೆ ನೇರವಾಗಿ ಬರುವುದಿಲ್ಲ. ಪಾಲಿಕೆಯ ಸ್ವಂತ ಆದಾಯ ಮುಖ್ಯವಾಗಿ ಆಸ್ತಿ ತೆರಿಗೆ ಮತ್ತು ಪರವಾನಗಿ ಶುಲ್ಕ. ಆದರೆ ಪಂದ್ಯದ ರಾತ್ರಿ ಕಸ ಬಳಿಯುವ ಪೌರಕಾರ್ಮಿಕರು ಪಾಲಿಕೆಯವರು, ಬೀದಿ ದೀಪ ಪಾಲಿಕೆಯದ್ದು, ಹಾಳಾದ ರಸ್ತೆ ಪಾಲಿಕೆಯದ್ದು. ಖರ್ಚು ಊರಿನದು, ಆದಾಯ ಬೇರೆಯವರದು. ಒಪ್ಪಂದ ಬರೆಯುವಾಗಲೇ ಪ್ರತಿ ಟಿಕೆಟ್‌ಗೆ ಇಷ್ಟು ಅಂತ ಪಾಲಿಕೆಗೆ ಸ್ವಚ್ಛತಾ ಶುಲ್ಕ ಬರುವಂತೆ ಕೇಳಬೇಕು. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಹಾಗಾದರೆ ನಮ್ಮ ಊರಿಗೆ ಯಾವ ಥರದ ಪಂದ್ಯ ಸರಿ?

ಸಣ್ಣದು, ಹಲವು ದಿನದ್ದು, ವರ್ಷ ವರ್ಷ ಬರುವಂಥದ್ದು. ಈ ಇಡೀ ಬರಹದಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಇದೊಂದೇ.

ಲೆಕ್ಕ ಹಾಕೋಣ, ಅಂಕಿ ನನ್ನ ಅಂದಾಜಿನವು. 14 ವರ್ಷದೊಳಗಿನ ಮಕ್ಕಳ ಒಂದು ಫುಟ್‌ಬಾಲ್ ಟೂರ್ನಿ. 16 ತಂಡ, ತಂಡಕ್ಕೆ ಕೋಚ್ ಸೇರಿ 18 ಜನ, ಅಂದರೆ 288. ಮಕ್ಕಳ ಜತೆ ಬರುವ ಅಪ್ಪ-ಅಮ್ಮ ಒಂದು 150 ಜನ ಅಂತ ಹಿಡಿಯಿರಿ. ಒಟ್ಟು 438. ಒಬ್ಬೊಬ್ಬರು ದಿನಕ್ಕೆ ಕೋಣೆ, ಊಟ, ಆಟೋ ಎಲ್ಲ ಸೇರಿ 1,000 ರೂಪಾಯಿ ಖರ್ಚು ಮಾಡಿದರೂ ಐದು ದಿನಕ್ಕೆ 21 ಲಕ್ಷದ 90 ಸಾವಿರ. ಈ ಹಣ ದೊಡ್ಡ ಹೋಟೆಲ್ಲಿಗೆ ಹೋಗುವುದಿಲ್ಲ. ರೊಟ್ಟಿ ಖಾನಾವಳಿಗೆ, ಸಣ್ಣ ಲಾಡ್ಜಿಗೆ, ಗಿರ್ಮಿಟ್-ಮಿರ್ಚಿ ಗಾಡಿಗೆ, ಆಟೋದವರಿಗೆ ಹೋಗುತ್ತದೆ. ಹೊರಡುವಾಗ ಮನೆಗೆ ಅರ್ಧ ಕಿಲೋ ಪೇಢಾ ಕಟ್ಟಿಸಿಕೊಳ್ಳದೆ ಯಾರೂ ಧಾರವಾಡ ಬಿಡುವುದಿಲ್ಲ. ಹೊಸದಾಗಿ ಒಂದು ಇಟ್ಟಿಗೆ ಇಡಬೇಕಾಗಿಲ್ಲ. ಇಂಥದ್ದು ವರ್ಷಕ್ಕೆ ಇಪ್ಪತ್ತು ನಡೆದರೆ?

ಮತ್ತೆ ಮಕ್ಕಳ ಟೂರ್ನಿ ಮಳೆ, ಬಿಸಿಲು, ತಂಡ ಸೋಲು-ಗೆಲುವು ಏನೇ ಆದರೂ ನಡೆದೇ ನಡೆಯುತ್ತದೆ. ಅಪ್ಪ-ಅಮ್ಮ ಬಂದೇ ಬರುತ್ತಾರೆ. ನಾನು ಅಣ್ಣನ ಮಗನ ಜತೆ ಬೇರೆ ಜಿಲ್ಲೆಯೊಂದಕ್ಕೆ ಇಂಥ ಟೂರ್ನಿಗೆ ಹೋಗಿದ್ದೆ. ಹುಡುಗರು ಎರಡನೇ ದಿನವೇ ಸೋತರು. ಆದರೂ ಅಲ್ಲಿನ ಕೋಟೆ ನೋಡಿಕೊಂಡು ಮತ್ತೆರಡು ದಿನ ಅಲ್ಲೇ ಉಳಿದೆವು. ಆ ಮೈದಾನದಲ್ಲಿ ಹುಡುಗಿಯರಿಗೆ ಬಟ್ಟೆ ಬದಲಿಸಲು ಕೋಣೆ ಇರಲಿಲ್ಲ, ಶೌಚಾಲಯಕ್ಕೆ ನೀರಿರಲಿಲ್ಲ. ಮಾರನೇ ವರ್ಷ ನಮ್ಮ ಕೋಚ್ ಆ ಊರಿಗೆ ತಂಡ ಕಳಿಸಲಿಲ್ಲ. ಎರಡು ಶೌಚಾಲಯ ಸರಿಯಿಲ್ಲದ್ದಕ್ಕೆ ಒಂದು ಊರು ಪ್ರತಿ ವರ್ಷದ ಗಿರಾಕಿಯನ್ನು ಕಳೆದುಕೊಂಡಿತು.

ಇಲ್ಲಿ ಅಂಥದ್ದು ಯಾವುದಾದರೂ ನಡೆದಿದೆಯಾ?

ನಡೆದಿದೆ. 2023ರ ಅಕ್ಟೋಬರ್‌ನಲ್ಲಿ ಧಾರವಾಡದಲ್ಲಿ 25,000 ಡಾಲರ್ ಬಹುಮಾನದ, ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ (ಐಟಿಎಫ್) ಮಟ್ಟದ ಪುರುಷರ ಟೆನಿಸ್ ಟೂರ್ನಿ ನಡೆಯಿತು. ವಿದೇಶಿ ಆಟಗಾರರೂ ಬಂದರು. ಇಷ್ಟು ದೂರ ಯಾಕೆ ಬರುತ್ತಾರೆ ಅಂತ ಕೆಲವರು ಬೆರಗಾದರು. ಇಂಥ ಟೂರ್ನಿಯಲ್ಲಿ ಗೆದ್ದರೆ ರ‍್ಯಾಂಕಿಂಗ್ ಪಾಯಿಂಟ್ ಸಿಗುತ್ತದೆ, ಪಾಯಿಂಟ್ ಎಲ್ಲಿದೆಯೋ ಆಟಗಾರ ಅಲ್ಲಿಗೆ ಬರುತ್ತಾನೆ. ಕೋರ್ಟು ಚೆನ್ನಾಗಿದ್ದು, ಊಟ-ವಸತಿ ಸರಿಯಿದ್ದರೆ ಊರು ಜಗತ್ಪ್ರಸಿದ್ಧ ಆಗಿರಬೇಕಿಲ್ಲ.

2020ರ ಫೆಬ್ರುವರಿಯಲ್ಲಿ ಧಾರವಾಡದಲ್ಲೇ ಕರ್ನಾಟಕ ಕುಸ್ತಿ ಹಬ್ಬ ಆಯಿತು. 2022ರಲ್ಲಿ ಗದಗದ ಹತ್ತಿರದ ಗುಡ್ಡದಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಡೆಯಿತು. ಗದಗದ ಉದಾಹರಣೆ ನನಗೆ ತುಂಬಾ ಹಿಡಿಸಿದ್ದು. ಗುಡ್ಡ ಮೊದಲೇ ಇತ್ತು, ಕಲ್ಲು-ಮುಳ್ಳಿನ ದಾರಿಯೇ ಟ್ರ್ಯಾಕು. ಕೋಟಿಗಟ್ಟಲೆ ಕಾಂಕ್ರೀಟ್ ಬೇಕಾಗಲಿಲ್ಲ. ವಿಜಯಪುರ, ಬಾಗಲಕೋಟೆ, ಗದಗದ ಕಡೆ ಸೈಕ್ಲಿಂಗ್ ಹುಡುಗ-ಹುಡುಗಿಯರು ಮೊದಲಿನಿಂದಲೂ ಇದ್ದಾರೆ. ಬೆಟಗೇರಿಯಲ್ಲಿ ಹಾಕಿ ಇದೆ. ಇದ್ದ ಬೇರಿಗೇ ನೀರು ಹಾಕಿದರೆ ಸಾಕು.

ಹಾವೇರಿ ಕಡೆಯ ಹೋರಿ ಬೆದರಿಸುವ ಸ್ಪರ್ಧೆ ಇದಕ್ಕೆಲ್ಲ ಸೇರುತ್ತದಾ?

ಅಲಂಕರಿಸಿ ಓಡಿಸುವ ಹೋರಿಗೆ ಕಟ್ಟಿದ ಕೊಬ್ಬರಿಯನ್ನು ಕಿತ್ತುಕೊಳ್ಳುವ ಆಟ ಇದು. ಆರ್ಥಿಕವಾಗಿ ನೋಡಿದರೆ ಖಂಡಿತ ಸೇರುತ್ತದೆ. ದೀಪಾವಳಿಯಿಂದ ಶುರುವಾಗಿ ಊರಿಂದ ಊರಿಗೆ ಸಾಗುತ್ತದೆ, ಕೊಬ್ಬರಿ, ಬಲೂನು, ಜೂಲ, ಹೋರಿಯ ಮೇವು, ವಾಹನದ ಬಾಡಿಗೆ, ಎಲ್ಲವೂ ಸ್ಥಳೀಯ ಹಣ. ಆದರೆ ಪ್ರಾಣಹಾನಿಯೂ ಆಗಿದೆ. ಗಟ್ಟಿ ಬೇಲಿ, ಆಂಬುಲೆನ್ಸ್, ನೋಡುವವರಿಗೆ ಬೇರೆ ಜಾಗ ಇಲ್ಲದೆ ಮಾಡಬಾರದು. ಎಷ್ಟು ಹಣ ಬಂದರೂ ಒಂದು ಮನೆಯ ಮಗನಿಗೆ ಸಮ ಅಲ್ಲ.

ಜನಸಂದಣಿಯ ಭಯ ಇಲ್ವಾ?

ಇದೆ, ಇರಬೇಕು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಆ ವರ್ಷದ ಮಹಿಳಾ ಕ್ರಿಕೆಟ್ ವಿಶ್ವಕಪ್‌ನ ತಾಣಗಳಿಂದ ಬೆಂಗಳೂರನ್ನು ಕೈಬಿಟ್ಟು ನವಿ ಮುಂಬೈ ಸೇರಿಸಿದರು. ರಾಜ್ಯದ ಟಿ20 ಕ್ರಿಕೆಟ್ ಲೀಗ್ ಆದ ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು. ಹೋದ ಜೀವಗಳ ಮುಂದೆ ಇದು ಏನೂ ಅಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಸುರಕ್ಷತೆಯ ಖರ್ಚು ದಂಡ ಅನ್ನುವವರು ಇನ್ನೂ ಇದ್ದಾರೆ. ಗೇಟು ಎಷ್ಟು, ಅಗಲ ಎಷ್ಟು, ಜನ ಎಲ್ಲಿಂದ ಬಂದು ಎಲ್ಲಿಂದ ಹೊರಗೆ ಹೋಗುತ್ತಾರೆ, ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ, ಇದನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸುವವರೆಗೆ ಯಾವ ಪಂದ್ಯಕ್ಕೂ ಅನುಮತಿ ಕೊಡಬಾರದು.

2023ರ ಜನವರಿಯಲ್ಲಿ ರಾಷ್ಟ್ರೀಯ ಯುವಜನೋತ್ಸವ ಇಲ್ಲಿ ನಡೆಯಿತಲ್ಲ, ಪ್ರಧಾನಿ ಬಂದು ಉದ್ಘಾಟಿಸಿದರು, ಸಾವಿರಾರು ಜನ ಬಂದರು. ಅಷ್ಟು ಜನರನ್ನು ಸಂಭಾಳಿಸಿದ ಅನುಭವ ಇಲ್ಲಿನವರಿಗೆ ಇದೆ.

ಮೈದಾನಕ್ಕೆ ನೀರು ಎಲ್ಲಿಂದ? ನಮ್ಮ ಮನೆಗೇ ನಲ್ಲಿ ನೀರು ದಿನ ಬಿಟ್ಟು ದಿನವೂ ಬರುವುದಿಲ್ಲ.

ಸರಿಯಾದ ಪ್ರಶ್ನೆ. ಮಲಪ್ರಭೆಯ ಕುಡಿಯುವ ನೀರನ್ನು ಹುಲ್ಲಿಗೆ ಹಾಕಬಾರದು. ಶುದ್ಧೀಕರಿಸಿದ ಒಳಚರಂಡಿ ನೀರು ಸಾಕು, ಅದಕ್ಕೆ ಬೇರೆ ಪೈಪು ಬೇಕು. ಮಳೆಗಾಲದಲ್ಲಿ ಧಾರವಾಡದ ಮೈದಾನ ಹೇಗೂ ಕೆಸರಾಗುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಡ್ಮಿಂಟನ್, ಟೇಬಲ್ ಟೆನಿಸ್, ಚೆಸ್, ಕಬಡ್ಡಿಯಂಥ ಒಳಾಂಗಣದ ಆಟ ಇಟ್ಟುಕೊಂಡರೆ ಗಿರಾಕಿ ಕಡಿಮೆ ಇರುವ ಆ ಸೀಸನ್ನಿನಲ್ಲೂ ಲಾಡ್ಜ್ ತುಂಬುತ್ತವೆ.

ಪಂದ್ಯ ನಡೆಸಿದ್ದು ನೋಡಿ ಕಂಪನಿಗಳು ಬರುತ್ತವಾ?

ಅರ್ಥಶಾಸ್ತ್ರಜ್ಞರಾದ ಆಂಡ್ರೂ ರೋಸ್ ಮತ್ತು ಮಾರ್ಕ್ ಸ್ಪೀಗೆಲ್ ಒಂದು ವಿಚಿತ್ರ ಕಂಡುಕೊಂಡರು. ಒಲಿಂಪಿಕ್ಸ್ ನಡೆಸಿದ ದೇಶಗಳ ರಫ್ತು ಹೆಚ್ಚಿತ್ತು, ಸರಿ. ಆದರೆ ಕೇಳಿ ಸಿಗದೇ ಹೋದ ದೇಶಗಳಲ್ಲೂ ಅಷ್ಟೇ ಹೆಚ್ಚಿತ್ತು! ಅಂದರೆ ಕೆಲಸ ಮಾಡಿದ್ದು ಆಟವಲ್ಲ, "ನಾವು ಬಾಗಿಲು ತೆರೆದಿದ್ದೇವೆ, ವ್ಯಾಪಾರಕ್ಕೆ ಬನ್ನಿ" ಅಂತ ಜಗತ್ತಿಗೆ ಕೊಟ್ಟ ಮಾತು. ಹಾಗಿದ್ದರೆ ವಿಮಾನ ಜಾಸ್ತಿ ಬರಲಿ, ರಾತ್ರಿ ಹನ್ನೊಂದಕ್ಕೂ ಬಸ್ಸು ಸಿಗಲಿ, ನೀರು ಸರಿಯಾಗಿ ಬರಲಿ ಅನ್ನುವ ಕೆಲಸಗಳನ್ನು ಪಂದ್ಯದ ನೆಪದಲ್ಲಿ ಮಾಡಿಸಿಕೊಳ್ಳಬಹುದು. ಪಂದ್ಯ ಬರದಿದ್ದರೂ ಅವು ಊರಿಗೆ ಉಳಿಯುತ್ತವೆ.

ನಾನು ಸಾಮಾನ್ಯ ನಾಗರಿಕ, ಏನು ಕೇಳಬೇಕು?

ನಿಮ್ಮ ವಾರ್ಡಿನ ಸದಸ್ಯರನ್ನು ಕಂಡು ಮೂರು ಪ್ರಶ್ನೆ ಕೇಳಿ. ಈ ಪಂದ್ಯಕ್ಕೆ ಪಾಲಿಕೆ ಎಷ್ಟು ಖರ್ಚು ಮಾಡುತ್ತದೆ, ಎಷ್ಟು ಬರುತ್ತದೆ? ಕೆಲಸದ ಗುತ್ತಿಗೆಯಲ್ಲಿ ಊರಿನವರ ಪಾಲು ಎಷ್ಟು? ಪಂದ್ಯ ಮುಗಿದ ಮಾರನೇ ದಿನ ಬೆಳಿಗ್ಗೆ ಆರಕ್ಕೆ ಆ ಮೈದಾನದ ಗೇಟು ನಮ್ಮ ಓಣಿಯ ಹುಡುಗರಿಗೆ ತೆರೆದಿರುತ್ತದಾ, ಇಲ್ಲಾ ಬೀಗ ಹಾಕಿರುತ್ತದಾ? ಮೂರನೇ ಪ್ರಶ್ನೆಗೆ ಉತ್ತರವನ್ನು ಬರವಣಿಗೆಯಲ್ಲಿ ಕೇಳಿ.